ಅಡುಗೆ ಕಟ್ಟೆಗೆ ಸ್ಟೀಲ್ ಸಿಂಕ್ ಕೂರಿಸುವಿಕೆ

ಅಡುಗೆ ಕಟ್ಟೆಗೆ ಸ್ಟೀಲ್ ಸಿಂಕ್ ಕೂರಿಸುವಿಕೆ ಎಂದರೆ ಪಾತ್ರೆ ತೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಯನ್ನು ಕಟ್ಟೆಯ ಕಲ್ಲಿನಲ್ಲಿ ಕೊರೆದ ತೆರಪಿಗೆ ಇಳಿಸಿ, ಅದು ಜಗ್ಗದಂತೆ ಆಧಾರ ಕೊಟ್ಟು, ಅಂಚಿನಿಂದ ನೀರು ಇಳಿಯದಂತೆ ಮುಚ್ಚಿ, ಕೊಳೆನೀರಿನ ಕೊಳವೆಗೆ ಜೋಡಿಸುವ ಕೆಲಸ. ಗೌಂಡಿ, ಕಲ್ಲು ಕೊರೆಯುವವ, ಪ್ಲಂಬರ್ ಈ ಮೂವರ ಕೈಯೂ ಇದರಲ್ಲಿ ಕೂಡುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿನಗರದ ವಿದ್ಯಾನಗರದಂಥ ಬಡಾವಣೆಗಳಲ್ಲಿ ಕಟ್ಟೆ ಬಹುತೇಕ ಕಡಪಾ ಕಲ್ಲು ಅಥವಾ ಗ್ರಾನೈಟಿನದು. ಮರದ ಕಟ್ಟೆಗೆಂದು ಹೊರದೇಶಗಳಲ್ಲಿ ರೂಪುಗೊಂಡ ಜೋಡಣೆಯ ಸಾಮಾನುಗಳು ಇಲ್ಲಿಯ ಕಲ್ಲಿಗೆ ಹೊಂದಿಕೊಳ್ಳಬೇಕಾಗುತ್ತದೆ.

ಈ ಲೇಖನದಲ್ಲಿ ‘ಕಟ್ಟೆ’ ಎಂದರೆ ಒಲೆ ಮತ್ತು ಸಿಂಕ್ ಇರುವ ಎತ್ತರದ ಕಲ್ಲುಹಾಸು, ‘ಅಂಚು’ ಎಂದರೆ ಸಿಂಕಿನ ಸುತ್ತ ಮಡಿಸಿದ ಚಪ್ಪಟೆ ಪಟ್ಟಿ, ‘ತೆರಪು’ ಎಂದರೆ ಕಟ್ಟೆಯಲ್ಲಿ ಕೊರೆದ ಕಂಡಿ, ‘ಸೀಲು’ ಎಂದರೆ ಅಂಚು ಮತ್ತು ಕಲ್ಲಿನ ನಡುವೆ ನೀರು ತಡೆಯುವ ಅಂಟು.

ಹಿನ್ನೆಲೆ

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಅಡುಗೆಯೂ ಮುಸುರೆ ತಿಕ್ಕುವುದೂ ಕುಳಿತು ಮಾಡುವ ಕೆಲಸಗಳಾಗಿದ್ದವು. ಪಾತ್ರೆಗಳು ಬಚ್ಚಲಿಗೋ ಹಿತ್ತಲ ಕಲ್ಲಿಗೋ ಹೋಗುತ್ತಿದ್ದವು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಅಲ್ಲಿಯ ಸಾಮಗ್ರಿ. ಶಹಾಬಾದ ಫರಸಿ ಹಾಸಿದ ಆ ಜಾಗದಿಂದ ನೀರು ಇಳಿಜಾರಿನಲ್ಲಿ ಮೋರಿಗೆ ಹರಿದುಹೋಗುತ್ತಿತ್ತು. ಅಡುಗೆ ಅನಿಲ ಮನೆಮನೆಗೆ ಬಂದ ಮೇಲೆ ಒಲೆ ನೆಲದಿಂದ ಕಟ್ಟೆಗೆ ಏರಿತು, ಪಾತ್ರೆ ತೊಳೆಯುವ ಜಾಗವೂ ಅದರ ಹಿಂದೆಯೇ ಮೇಲೆ ಬಂತು. ಮೊದಲು ಬಂದದ್ದು ಸ್ಟೀಲ್ ಅಲ್ಲ. ಕಡಪಾ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಯಂತೆ ಜೋಡಿಸಿ ಸಿಮೆಂಟಿನಿಂದ ಸಂದು ತುಂಬಿದ ತೊಟ್ಟಿ, ಮೊಸಾಯಿಕ್ ಎರಕದ ತೊಟ್ಟಿ, ಬಿಳಿ ಪಿಂಗಾಣಿ ತೊಟ್ಟಿ ಇವು ಸ್ಟೀಲಿಗಿಂತ ಮೊದಲಿನವು. ಇವನ್ನು ಕಟ್ಟೆಗೆ ಬಿಗಿಯುವ ಪ್ರಶ್ನೆಯೇ ಇರಲಿಲ್ಲ. ಭಾರವಾದ ತೊಟ್ಟಿ ಇಟ್ಟಿಗೆಯ ಗೋಡೆಗಳ ಮೇಲೆ ತಾನಾಗಿ ಕೂರುತ್ತಿತ್ತು. ಹಗುರವಾದ ಸ್ಟೀಲ್ ತಗಡಿನ ತೊಟ್ಟಿ ಬಂದಾಗಲೇ ಅದನ್ನು ಹಿಡಿದಿಡುವ ವಿಧಾನ ಬೇಕಾಯಿತು.

ಸ್ಟೇನ್‌ಲೆಸ್ ಸ್ಟೀಲ್ 20ನೇ ಶತಮಾನದ ಲೋಹ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆತ ತುಕ್ಕುರಹಿತ ಉಕ್ಕನ್ನು ಎರಕ ಹೊಯ್ದರು. ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜೊತೆ ನಿಕ್ಕಲ್ ಬೆರೆಸಿದ ಉಕ್ಕು ಸಿದ್ಧವಾಗಿತ್ತು. ಇಂದಿನ ಸಿಂಕುಗಳ ಉಕ್ಕು ಈ ಎರಡನೆಯ ಕುಲದ್ದು. ಭಾರತದಲ್ಲಿ ಸೇಲಂ ಉಕ್ಕು ಕಾರ್ಖಾನೆ 1981ರಿಂದ ಸ್ಟೇನ್‌ಲೆಸ್ ಹಾಳೆಗಳನ್ನು ಉರುಳಿಸತೊಡಗಿತು. ಮನೆಬಳಕೆಯ ಸ್ಟೀಲ್ ಸಿಂಕುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಮಾನಕ ಐಎಸ್ 13983, 1994ರದು.

ವಿದ್ಯಾನಗರ ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೋಗುವ ಪಿ.ಬಿ. ರಸ್ತೆಯ ಬದಿಯಲ್ಲಿ ಬೆಳೆದ ಬಡಾವಣೆ. 1947ರಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಾಗಿ ಸ್ಥಾಪನೆಯಾದ ಸಂಸ್ಥೆ, 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾದ ಸಂಸ್ಥೆ ಇಲ್ಲಿವೆ. ಅಧ್ಯಾಪಕರ, ವೈದ್ಯರ, ನೌಕರರ ಸ್ವಂತ ಮನೆಗಳು, ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳು, ಖಾನಾವಳಿಗಳು, ಈಚಿನ ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿರುವ ಕಾರಣ ಕೆಳಗೆ ಹೇಳುವ ಬಗೆಗಳಲ್ಲಿ ಹೆಚ್ಚಿನವು ಇಲ್ಲಿಯ ಅಡುಗೆಮನೆಗಳಿಗೆ ಸಂಬಂಧಪಟ್ಟವೇ.

ಕಟ್ಟೆ ಮತ್ತು ಕಲ್ಲು

ಅಡುಗೆ ಕಟ್ಟೆಯ ಅಗಲ ಸಾಮಾನ್ಯವಾಗಿ 2 ಅಡಿ, ಎತ್ತರ 32ರಿಂದ 34 ಇಂಚು. ಎರಡು ಮೂರು ಅಡಿಗೊಂದರಂತೆ ನಿಲ್ಲಿಸಿದ ಕಡಪಾ ಹಲಗೆಗಳು ಅಥವಾ ಇಟ್ಟಿಗೆಯ ಗಿಡ್ಡ ಗೋಡೆಗಳು ಮೇಲಿನ ಹಾಸನ್ನು ಹೊರುತ್ತವೆ. ಹಾಸು ಒಂದೇ ಪದರದ್ದಿರಬಹುದು. ಇಲ್ಲವೇ ಅಡಿಗೆ ಕಡಪಾ, ಮೇಲೆ ಗ್ರಾನೈಟ್ ಎಂದು ಎರಡು ಪದರದ್ದಿರಬಹುದು. ಸಿಂಕ್ ಕೂರಿಸುವ ವಿಧಾನ ಯಾವುದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ಪದರಗಳ ಸಂಖ್ಯೆಯೇ.

ಕಲ್ಲುಗಳ ಗುಣ ಬೇರೆ ಬೇರೆ. ಗ್ರಾನೈಟ್ ಗಟ್ಟಿ, ಆಮ್ಲಕ್ಕೆ ಬಗ್ಗದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿ ಗ್ರಾನೈಟ್ ರಾಜ್ಯದೊಳಗಿನ ಹೆಸರಾದ ಬಗೆಗಳು. ಕಟ್ಟೆಗೆ ಬಳಸುವ ಪಾಲಿಶ್ ಹಲಗೆ 16ರಿಂದ 20 ಮಿಲಿಮೀಟರ್ ದಪ್ಪ. ಆಂಧ್ರದ ಕಡಪಾ ಕಲ್ಲು ಮತ್ತು ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲು ಎರಡೂ ಸುಣ್ಣಕಲ್ಲುಗಳು, ಪದರ ಪದರವಾಗಿ ರೂಪುಗೊಂಡವು. ಇದರಿಂದ ಎರಡು ಪರಿಣಾಮಗಳಿವೆ. ನಿಂಬೆ, ಹುಣಸೆ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ತಾಗಿದರೆ ಮೈ ಕರಗಿ ಮಂಕಾಗುತ್ತದೆ. ಕೆಳಮೈಗೆ ಅಂಟಿಸಿದ ವಸ್ತುವಿನ ಮೇಲೆ ಭಾರ ಬಿದ್ದಾಗ ಅಂಟು ಬಿಡದಿದ್ದರೂ ಕಲ್ಲಿನ ಒಂದು ತೆಳು ಪದರವೇ ಅಂಟಿನ ಜೊತೆ ಕಿತ್ತು ಬರುತ್ತದೆ. ಕಡಪಾ ಕಟ್ಟೆಯ ಕೆಳಗೆ ಸಿಂಕನ್ನು ಬರೀ ಅಂಟಿನಿಂದ ತೂಗುಹಾಕಬಾರದೆಂಬುದಕ್ಕೆ ಇದೇ ಕಾರಣ.

ಸಿಂಕಿನ ರಚನೆ

ಮನೆಬಳಕೆಯ ಸಿಂಕುಗಳಲ್ಲಿ ಎರಡು ದರ್ಜೆಯ ಉಕ್ಕು ಕಾಣಸಿಗುತ್ತದೆ. 304 ದರ್ಜೆಯಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್ ಇರುತ್ತದೆ. 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಬೆಲೆ ಕಡಿಮೆ, ತುಕ್ಕಿನ ಎದುರು ತಾಳಿಕೆಯೂ ಕಡಿಮೆ. ಎರಡನ್ನೂ ಕಣ್ಣಿನಿಂದ ಬೇರೆ ಮಾಡುವುದು ಸಾಧ್ಯವಿಲ್ಲ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಬೇಕು. ತಗಡಿನ ದಪ್ಪ ಸಾಮಾನ್ಯವಾಗಿ 0.8ರಿಂದ 1.2 ಮಿಲಿಮೀಟರ್. ಗೇಜಿನ ಲೆಕ್ಕದಲ್ಲಿ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ: 18 ಗೇಜಿನ ಸಿಂಕ್ 22 ಗೇಜಿನದಕ್ಕಿಂತ ಗಟ್ಟಿ.

ಅಳತೆ ಇಂಚಿನಲ್ಲೇ ರೂಢಿ. 24 ಉದ್ದ, 18 ಅಗಲ, 9 ಆಳದ ಒಂಟಿ ತೊಟ್ಟಿ ಮನೆಗಳಲ್ಲಿ ಬಹಳ ಬಳಕೆಯಾಗುವ ಅಳತೆಗಳಲ್ಲೊಂದು; ಪಾತ್ರೆ ಒಣಗಿಸುವ ತಟ್ಟೆ ಕೂಡಿದವು ಇನ್ನೂ ಉದ್ದ. 2 ಅಡಿಯ ಕಟ್ಟೆಯಲ್ಲಿ 18 ಇಂಚಿನ ಸಿಂಕ್ ನಡುವೆ ಕೂತರೆ ಮುಂದೆ 3 ಇಂಚು, ಹಿಂದೆ 3 ಇಂಚು ಕಲ್ಲು ಮಾತ್ರ ಉಳಿಯುತ್ತದೆ. ಇಡೀ ಕಟ್ಟೆಯಲ್ಲಿ ಅತಿ ದುರ್ಬಲವಾದ ಭಾಗ ಈ ಮುಂದಿನ ಪಟ್ಟಿ. ತುಂಬಿದ ಕೊಡವನ್ನು ಜನ ಊರುವುದೂ ಇದರ ಮೇಲೆಯೇ.

ತಳದ ರಂಧ್ರಕ್ಕೆ ಜಾಳಿಗೆ ಸಹಿತ ವೇಸ್ಟ್ ಕಪ್ಲಿಂಗ್ ಕೂರುತ್ತದೆ. ಅದರ ಕೆಳಗೆ ಕೊಳವೆ, ಕೆಲವೊಮ್ಮೆ ವಾಸನೆ ತಡೆಯುವ ಬಾಟಲ್ ಟ್ರ್ಯಾಪ್, ಮುಂದೆ ನೆಲದ ನಹಾನಿ ಟ್ರ್ಯಾಪ್, ಕೊನೆಗೆ ಹೊರಗಿನ ಚೇಂಬರ್. ತೊಟ್ಟಿಯ ಹೊರತಳಕ್ಕೆ ಹಚ್ಚಿದ ರಬ್ಬರ್ ಹಾಳೆ ಅಥವಾ ಬೂದುಬಣ್ಣದ ಲೇಪ ಪಾತ್ರೆಯ ಸದ್ದನ್ನು ತಗ್ಗಿಸುತ್ತದೆ, ತಳದಲ್ಲಿ ನೀರು ಬೆವರುವುದನ್ನು ತಡೆಯುತ್ತದೆ.

ಭಾರದ ಲೆಕ್ಕ

ಖಾಲಿ ಸಿಂಕನ್ನು ಒಂದೇ ಕೈಯಲ್ಲಿ ಎತ್ತಬಹುದು. ಕೂರಿಸುವವರು ಮೋಸಹೋಗುವುದು ಇಲ್ಲಿ. ಒಳಗಿನ ಅಳತೆ 50 ಸೆಂಟಿಮೀಟರ್ ಉದ್ದ, 40 ಅಗಲ, 20 ಆಳ ಎಂದಿಟ್ಟುಕೊಂಡರೆ ತುಂಬಿದಾಗ 40 ಲೀಟರ್, ಅಂದರೆ 40 ಕಿಲೋ ನೀರು. ಕುಕ್ಕರ್, ಹಿತ್ತಾಳೆಯ ಪಾತ್ರೆ, ರೊಟ್ಟಿಯ ಹಂಚು ಸೇರಿದರೆ 50 ಕಿಲೋ ದಾಟುತ್ತದೆ. ಈ ಭಾರ ದಿನಕ್ಕೆ ಹಲವು ಸಲ ಏರಿ ಇಳಿಯುತ್ತದೆ.

ಇದರ ಮೇಲೆ ಬಿಸಿ. ಅನ್ನ ಬಸಿದ ಗಂಜಿ ಬಿದ್ದಾಗ ಉಕ್ಕು ತಟ್ಟನೆ ಹಿಗ್ಗುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ 304 ದರ್ಜೆಯ ಉಕ್ಕು ಪ್ರತಿ ಮೀಟರಿಗೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 17 ಭಾಗ ಉದ್ದವಾಗುತ್ತದೆ. ಗ್ರಾನೈಟ್ ಅದರ ಅರ್ಧದಷ್ಟು ಮಾತ್ರ. 60 ಸೆಂಟಿಮೀಟರಿನ ಸಿಂಕ್ 60 ಡಿಗ್ರಿ ಬಿಸಿಯಾದರೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಪಕ್ಕದ ಕಲ್ಲು ಅಷ್ಟು ಬಿಸಿಯೇ ಆಗಿರುವುದಿಲ್ಲ. ಅರ್ಧ ಮಿಲಿಮೀಟರ್ ಅಲ್ಪವೆನಿಸಿದರೂ ಬಾಗಲಾರದ ಬಿಳಿ ಸಿಮೆಂಟಿನ ಸಂದಿಗೆ ಅದು ಸಾಕು. ಕೂದಲೆಳೆಯ ಬಿರುಕು ಮೊದಲು, ಅದರೊಳಗೆ ನೀರು, ಆಮೇಲೆ ಕಪ್ಪು ಬೂಸಲು, ಕೊನೆಗೆ ಸಿಮೆಂಟು ಪುಡಿಯಾಗಿ ಅಂಚು ಬಿಡುತ್ತದೆ.

ಆದ್ದರಿಂದ ಒಳ್ಳೆಯ ಜೋಡಣೆಯಲ್ಲಿ ಎರಡು ಕೆಲಸಗಳನ್ನು ಎರಡು ಬೇರೆ ವಸ್ತುಗಳಿಗೆ ವಹಿಸಿರುತ್ತಾರೆ. ಭಾರ ಹೊರುವುದು ಕಲ್ಲು, ಕಬ್ಬಿಣ ಅಥವಾ ಕ್ಲಿಪ್. ನೀರು ತಡೆಯುವುದು ಬಾಗುವ ಗುಣದ ಸೀಲು. ಒಂದೇ ಅಂಟಿನಿಂದ ಎರಡನ್ನೂ ಮಾಡಿಸಹೋದ ಸಿಂಕ್ ಬಹುಕಾಲ ನಿಲ್ಲುವುದಿಲ್ಲ.

ಬಗೆಗಳು

ಮೇಲೆ ಕೂರುವ ಸಿಂಕ್. ಇದರ ಅಂಚು ಕಟ್ಟೆಯ ಮೇಲ್ಮೈಯ ಮೇಲೆ ಒರಗುತ್ತದೆ; ಭಾರವೆಲ್ಲ ನೇರವಾಗಿ ಕಲ್ಲಿಗೆ ಹೋಗುತ್ತದೆ. ಅಂಚಿನ ಕೆಳಗೆ ಬೆಸುಗೆ ಹಾಕಿದ ಕಿರಿದಾದ ಕಾಲುವೆಯಂಥ ಪಟ್ಟಿ ಇರುತ್ತದೆ. ಕ್ಲಿಪ್ಪಿನ ತಲೆಯನ್ನು ಅದರಲ್ಲಿ ತೂರಿಸಿ ಸ್ಕ್ರೂ ಬಿಗಿದಾಗ ಕ್ಲಿಪ್ಪಿನ ಕಾಲು ಕಟ್ಟೆಯ ಕೆಳಮೈಯನ್ನು ಒತ್ತಿ, ಅಂಚನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಕಲ್ಲಿಗೆ ರಂಧ್ರ ಬೇಕಿಲ್ಲ. ಕ್ಲಿಪ್ಪಿನ ಕೆಲಸ ಭಾರ ಹೊರುವುದಲ್ಲ, ಅಂಚು ಮೇಲೇಳದಂತೆಯೂ ಸರಿಯದಂತೆಯೂ ಹಿಡಿಯುವುದು. ಹಲವು ಕ್ಲಿಪ್ಪುಗಳು 20ರಿಂದ 40 ಮಿಲಿಮೀಟರ್ ದಪ್ಪದ ಕಟ್ಟೆಗೆ ಹೊಂದುವಂಥವು. 16 ಮಿಲಿಮೀಟರಿನ ಒಂಟಿ ಗ್ರಾನೈಟಿಗೆ ಅವು ಸಡಿಲಾಗುತ್ತವೆ. ಆಗ ಕ್ಲಿಪ್ಪಿನ ಕಾಲಿಗೂ ಕಲ್ಲಿಗೂ ನಡುವೆ ಪ್ಲೈವುಡ್ ಅಥವಾ ಕಲ್ಲಿನ ಚೂರು ಕೊಟ್ಟು ದಪ್ಪ ಹೊಂದಿಸುತ್ತಾರೆ; ನೀರಿನಲ್ಲಿ ಉಬ್ಬುವ ಪ್ಲೈವುಡ್ಡಿಗಿಂತ ಕಲ್ಲಿನ ಚೂರು ಲೇಸು. ಈ ಬಗೆಯ ದೊಡ್ಡ ಅನುಕೂಲ, ಕಟ್ಟೆ ಒಡೆಯದೆ ಸಿಂಕ್ ಬದಲಿಸಬಹುದು. ಅನಾನುಕೂಲ, ಎದ್ದ ಅಂಚು ಕಟ್ಟೆಯ ಮೇಲಿನ ನೀರನ್ನು ಸಿಂಕಿಗೆ ಹರಿಯಗೊಡುವುದಿಲ್ಲ, ಅಂಚಿನ ಸುತ್ತ ಕೊಳೆ ಕೂರುತ್ತದೆ.

ಕೆಳಗೆ ತೂಗುವ ಸಿಂಕ್. ಅಂಚು ಕಲ್ಲಿನ ಕೆಳಮೈಗೆ ತಾಗಿರುತ್ತದೆ. ಕಟ್ಟೆ ಒರೆಸಿದ ನೀರು ನೇರ ಒಳಗೆ ಬೀಳುವುದರಿಂದ ಮನೆಯವರಿಗೆ ಇದು ಮೆಚ್ಚು. ಇಲ್ಲಿ ಭಾರ ಕೆಳಕ್ಕೆ ಎಳೆಯುತ್ತದೆ, ಹೊರುವ ಕಲ್ಲು ಮೇಲಿದೆ. ಹೀಗಾಗಿ ಆಧಾರವೇ ಮುಖ್ಯ. ವಿಧಾನ ಮೂರು. ಗ್ರಾನೈಟಿನ ಕೆಳಮೈಯಲ್ಲಿ ಅರ್ಧ ದಪ್ಪದವರೆಗೆ ರಂಧ್ರ ಕೊರೆದು, ಎಪಾಕ್ಸಿ ಅಂಟಿನಲ್ಲಿ ಬೋಲ್ಟ್ ಕೂರಿಸಿ, ಕ್ಲಿಪ್ ಮತ್ತು ನಟ್ಟಿನಿಂದ ಅಂಚನ್ನು ಮೇಲಕ್ಕೆ ಒತ್ತುವುದು ಒಂದು. 18 ಮಿಲಿಮೀಟರಿನ ಹಲಗೆಗೆ 9 ಮಿಲಿಮೀಟರ್ ಆಳವಷ್ಟೇ ಸಿಗುವುದರಿಂದ ಹತೋಟಿಯಿಲ್ಲದ ಡ್ರಿಲ್ ಮೇಲ್ಮೈಯನ್ನೇ ತೂತು ಮಾಡಿಬಿಡಬಹುದು. ಎರಡನೆಯದು, ಅಕ್ಕಪಕ್ಕದ ಕಡಪಾ ಹಲಗೆಗಳಿಗೆ ಅಡ್ಡಲಾಗಿ 25 ಮಿಲಿಮೀಟರಿನ ಎಲ್ ಆಕಾರದ ಕಬ್ಬಿಣದ ಪಟ್ಟಿ ಎರಡನ್ನು ಕೊಟ್ಟು ಅಂಚನ್ನು ಅವುಗಳ ಮೇಲೆ ಕೂರಿಸುವುದು. ಕಲ್ಲಿನ ಕಟ್ಟೆಗೆ ಎಲ್ಲಕ್ಕಿಂತ ಭರವಸೆಯ ವಿಧಾನ ಇದು. ಪಟ್ಟಿ ಸ್ಟೇನ್‌ಲೆಸ್ ಆಗಿರಬೇಕು, ಇಲ್ಲವೇ ಸರಿಯಾಗಿ ಬಣ್ಣ ಹಚ್ಚಿರಬೇಕು. ಮೂರನೆಯದು ಬರೀ ಎಪಾಕ್ಸಿಯ ಅಂಟು. ಬೇಗ ಮುಗಿಯುತ್ತದೆ, ಬೇಗ ಬಿಡುತ್ತದೆ.

ನಡುವೆ ಸಿಕ್ಕಿಸಿದ ಸಿಂಕ್. ಎರಡು ಪದರದ ಕಟ್ಟೆಯಲ್ಲಿ ಮೊದಲು ಕಡಪಾದಲ್ಲಿ ತೊಟ್ಟಿಯ ಮೈಯಷ್ಟೇ ಅಗಲದ ತೆರಪು ಮಾಡಿ, ಸಿಂಕಿನ ಅಂಚನ್ನು ಕಡಪಾದ ಮೇಲೆ ಒರಗಿಸಿ, ಅದರ ಮೇಲೆ ಗ್ರಾನೈಟ್ ಹಾಸುತ್ತಾರೆ. ಮೇಲಿನಿಂದ ನೋಡಿದರೆ ಕೆಳಗೆ ತೂಗುವ ಸಿಂಕಿನಂತೆಯೇ ಕಾಣುತ್ತದೆ. ಭಾರ ಮಾತ್ರ ಕೆಳಗಿನ ಕಲ್ಲಿನ ಮೇಲಿದೆ. ಈ ಕ್ರಮಕ್ಕೆ ಕ್ಲಿಪ್ಪು ಬೇಡ, ಬೋಲ್ಟು ಬೇಡ. ಜಗ್ಗುವ ಮಾತೇ ಇಲ್ಲ. ಇದರ ಬೆಲೆ ತೆರುವುದು ಸಿಂಕ್ ಸೋರಿದ ದಿನ: ಗ್ರಾನೈಟ್ ಎಬ್ಬಿಸದೆ ಅಥವಾ ಒಡೆಯದೆ ಅದನ್ನು ಇಡಿಯಾಗಿ ಹೊರತೆಗೆಯಲಾಗದು. ಹೀಗೆ ಕೂರಿಸುವ ಮನೆಗೆ 304 ದರ್ಜೆಯ ದಪ್ಪ ತಗಡೇ ಬೇಕು. ಅಗ್ಗದ ಸಿಂಕನ್ನು ಶಾಶ್ವತವಾಗಿ ಹುಗಿಯುವುದರಲ್ಲಿ ಉಳಿತಾಯವಿಲ್ಲ.

ಕಾಲಿನ ಮೇಲೆ ನಿಲ್ಲುವ ಸಿಂಕ್. ಖಾನಾವಳಿ, ಮೆಸ್, ಹಾಸ್ಟೆಲ್, ಕಲ್ಯಾಣ ಮಂಟಪಗಳಲ್ಲಿ ಕಟ್ಟೆಯ ಹಂಗಿಲ್ಲದ, ಸ್ಟೀಲ್ ಚೌಕಟ್ಟಿನ ಎರಡು ಮೂರು ತೊಟ್ಟಿಯ ಸಿಂಕುಗಳಿರುತ್ತವೆ. ಇವನ್ನು ಗೋಡೆಗೆ ಬಿಗಿದು, ಗೋಡೆಯ ಸಂದಿಗೆ ಸೀಲು ಹಾಕಿದರೆ ಸಾಕು.

ಕೂರಿಸುವ ಕ್ರಮ

ಅಳತೆಯನ್ನು ಸಿಂಕ್ ಕೈಗೆ ಬಂದ ಮೇಲೆಯೇ ತೆಗೆಯಬೇಕು. ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಕಲ್ಲು ಕೊರೆದರೆ ತಿದ್ದಲು ಬರುವುದಿಲ್ಲ. ಮೇಲೆ ಕೂರುವ ಸಿಂಕನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದು, ಆ ಗೆರೆಯಿಂದ ಸುಮಾರು ಅರ್ಧ ಇಂಚು ಒಳಗೆ ಇನ್ನೊಂದು ಗೆರೆ ಹಾಕುತ್ತಾರೆ. ಕೊರೆಯುವುದು ಒಳಗೆರೆಯ ಮೇಲೆ. ಕಂಪನಿ ಕೊಟ್ಟ ಕಾಗದದ ಮಾದರಿ ಇದ್ದರೆ ಅದೇ ಪ್ರಮಾಣ.

ಕೊರೆತದಲ್ಲಿ ಮೂಲೆಗಳದೇ ಮುಖ್ಯ ವಿಷಯ. ಡೈಮಂಡ್ ಬ್ಲೇಡಿನಿಂದ ನಾಲ್ಕು ನೇರ ಗೀರು ಹಾಕಿ ಮೂಲೆಯಲ್ಲಿ ಒಂದನ್ನೊಂದು ದಾಟಿಸಿದರೆ, ಆ ದಾಟಿದ ಗೀರಿನ ತುದಿಯಿಂದಲೇ ಮುಂದೆ ಬಿರುಕು ಹೊರಡುತ್ತದೆ. ಮೊದಲು ನಾಲ್ಕು ಮೂಲೆಗೂ ದುಂಡು ರಂಧ್ರ ಕೊರೆದು, ರಂಧ್ರದಿಂದ ರಂಧ್ರಕ್ಕೆ ಗೀರು ಹಾಕುವುದು ಸರಿಯಾದ ಪದ್ಧತಿ. ಮುಂದಿನ ಕಿರಿದಾದ ಪಟ್ಟಿಯ ಕೆಳಮೈಯಲ್ಲಿ ಕಿರು ಕಾಲುವೆ ತೆಗೆದು ಎಪಾಕ್ಸಿಯಲ್ಲಿ ಸ್ಟೀಲ್ ಸರಳು ಹುಗಿದರೆ ಅದು ಮುರಿಯುವುದು ತಪ್ಪುತ್ತದೆ. ಒಣಗೊರೆತದ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹಾನಿಕರ. ನೀರು ಬಿಡುತ್ತ ಕೊರೆಯುವುದು, ಮೂಗು ಬಾಯಿಗೆ ಮಾಸ್ಕ್ ಕಟ್ಟುವುದು ಕೆಲಸಗಾರನ ಜೀವದ ಪ್ರಶ್ನೆ. ಮನೆಯ ಯಜಮಾನರೂ ಕೇಳಿ ಮಾಡಿಸಬೇಕಾದ್ದು.

ತೆರಪು ಸಿದ್ಧವಾದ ಮೇಲೆ ಸಿಂಕನ್ನು ಒಮ್ಮೆ ಸೀಲು ಹಾಕದೆಯೇ ಇಳಿಸಿ ನೋಡಿ, ರಸಮಟ್ಟ ಇಟ್ಟು, ಅಂಚು ಎಲ್ಲ ಕಡೆ ತಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಮತ್ತೆ ಹೊರತೆಗೆದು ವೇಸ್ಟ್ ಕಪ್ಲಿಂಗನ್ನು ರಬ್ಬರ್ ವಾಷರ್ ಸಹಿತ ಮೊದಲೇ ಬಿಗಿಯುವುದು ಸುಲಭ. ಕೂರಿಸಿದ ಮೇಲೆ ಕಟ್ಟೆಯ ಕೆಳಗೆ ಮಲಗಿ ಬಿಗಿಯುವುದು ಕಷ್ಟ. ಕ್ಲಿಪ್ಪುಗಳನ್ನೂ ಪಟ್ಟಿಯಲ್ಲಿ ಈಗಲೇ ತೂರಿಸಿ, ಕಾಲುಗಳನ್ನು ಒಳಕ್ಕೆ ತಿರುಗಿಸಿಡಬೇಕು.

ಕಲ್ಲಿನ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದು ಒಣಗಿಸಿ, ಅಂಚಿನ ಎಣ್ಣೆಯ ಪಸೆಯನ್ನು ಸ್ಪಿರಿಟ್‌ನಿಂದ ಒರೆಸಿದ ಮೇಲೆ ಸೀಲಾಗಿ ಸಿಲಿಕಾನ್ ಹಾಕುತ್ತಾರೆ. ಆರು ಮಿಲಿಮೀಟರ್ ದಪ್ಪದ ಎಳೆ ಎಲ್ಲೂ ತುಂಡಾಗದೆ ಸುತ್ತು ಬರಬೇಕು. 24 ಮತ್ತು 18 ಇಂಚಿನ ಸಿಂಕಿನ ಸುತ್ತಳತೆ ಎರಡು ಮೀಟರಿಗೆ ತುಸು ಹೆಚ್ಚು. ಸುಮಾರು 60 ಮಿಲಿಲೀಟರ್ ಸಾಕು, ಒಂದು ಟ್ಯೂಬಿನ ಕಾಲುಭಾಗವೂ ಮುಗಿಯುವುದಿಲ್ಲ. ಸಿಂಕನ್ನು ನೇರವಾಗಿ ಇಳಿಸಿ, ಎದುರುಬದುರಿನ ಕ್ಲಿಪ್ಪುಗಳನ್ನು ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆಯ ಅಂಚು ಏಳುತ್ತದೆ. ಅತಿಯಾಗಿ ಬಿಗಿದರೆ ತೆಳು ತಗಡು ಅಲೆಯಂತೆ ಮಡಿಯುತ್ತದೆ, ಇಲ್ಲವೇ ಕಲ್ಲೇ ಸೀಳುತ್ತದೆ.

ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದವರೆಗೆ. ಮಳೆಗಾಲಕ್ಕಿಂತ ಬೇಸಿಗೆಯ ಒಣ ಹವೆಯಲ್ಲಿ ನಿಧಾನ. ಕನಿಷ್ಠ 24 ಗಂಟೆ ಸಿಂಕ್ ಮುಟ್ಟಬಾರದು. ಆಮೇಲೆ ತೂತು ಮುಚ್ಚಿ ಅಂಚಿನವರೆಗೆ ನೀರು ತುಂಬಿ, ಕೆಳಗೆ ಒಣ ಪತ್ರಿಕೆಯ ಹಾಳೆ ಹಾಸಿ, ಒಮ್ಮೆಲೇ ನೀರು ಬಿಡುವುದು ಪರೀಕ್ಷೆ. ಹಾಳೆಯ ಮೇಲೆ ಬಿದ್ದ ಒಂದು ಹನಿಯೂ ಕಾಣುತ್ತದೆ.

ಸೀಲಿನ ಆಯ್ಕೆ

ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಎರಡು ಬಗೆ. ಹಾಕುವಾಗ ವಿನೆಗರಿನಂಥ ವಾಸನೆ ಬರುವುದು ಅಸೆಟಿಕ್ ಬಗೆ. ಗಾಜು, ಪಿಂಗಾಣಿಗೆ ಸೂಕ್ತ. ಕಡಪಾ, ಶಹಾಬಾದ, ಅಮೃತಶಿಲೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದರಿಂದ ಆ ಆಮ್ಲ ಕಲ್ಲಿನ ಮೈಯನ್ನು ಕೆಡಿಸಿ ಅಂಟಿನ ಹಿಡಿತವನ್ನೇ ಸಡಿಲಿಸುತ್ತದೆ. ಈ ಕಲ್ಲುಗಳಿಗೆ ವಾಸನೆಯಿಲ್ಲದ, ನ್ಯೂಟ್ರಲ್ ಎಂದು ಮುದ್ರಿಸಿದ ಬಗೆಯೇ ಆಗಬೇಕು. ಗ್ರಾನೈಟಿಗೂ ಅದೇ ಕ್ಷೇಮ. ಬೂಸಲು ನಿರೋಧಕ ಬಗೆ ಅಡುಗೆಮನೆಗೆ ಒಳ್ಳೆಯದು. ಬಿಳಿ ಸಿಮೆಂಟು ಅಗ್ಗ, ಕೈಗೆ ಬೇಗ ಸಿಗುತ್ತದೆ, ಬಣ್ಣವೂ ಹೊಂದುತ್ತದೆ. ಆದರೆ ಅದು ಅಲುಗದ ಸಂದಿಗೆ ತಕ್ಕದ್ದು, ಲೋಹ ಮತ್ತು ಕಲ್ಲಿನ ನಡುವಿನ ಸಂದಿಗೆ ಅಲ್ಲ.

ಸಡಿಲಾಗುವ ಕಾರಣಗಳು ಮತ್ತು ದುರಸ್ತಿ

ಹುಬ್ಬಳ್ಳಿಯ ಸುತ್ತ ಎರೆಮಣ್ಣು ಹೆಚ್ಚು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ, ಆಳದ ತಳಪಾಯವಿಲ್ಲದ ಮನೆಗಳ ನೆಲವೂ ಕಟ್ಟೆಯೂ ತುಸು ತುಸು ಮೇಲೆ ಕೆಳಗೆ ಆಗುತ್ತವೆ. ಗಡುಸಾದ ಸಂದು ಇಲ್ಲಿ ಮೊದಲು ಬಿಡುತ್ತದೆ. ನೀರಿನದೂ ಪಾಲಿದೆ. ಅವಳಿನಗರಕ್ಕೆ ಮಲಪ್ರಭೆಯ ರೇಣುಕಾಸಾಗರ ಮತ್ತು ನೀರಸಾಗರಗಳಿಂದ ಕುಡಿಯುವ ನೀರು ಬರುತ್ತದೆ. ಹಲವು ದಿನಗಳಿಗೊಮ್ಮೆ ನಳ ಬರುವ ಕಾಲದಲ್ಲಿ ಪಾತ್ರೆ ತೊಳೆಯಲು ಬೋರಿನ ಗಡಸು ನೀರೇ ಗತಿ. ಅಂಚಿನ ಸುತ್ತ ಅದು ಬಿಟ್ಟ ಬಿಳಿ ಕಟ್ಟು ಸೀಲಿನ ಬಿರುಕನ್ನು ಮುಚ್ಚಿ ಸೋರಿಕೆಯನ್ನು ತಡವಾಗಿ ತೋರಿಸುತ್ತದೆ. ಆ ಕಲೆ ತೆಗೆಯಲು ಆಸಿಡ್ ಹಾಕಿದರೆ ಅದರ ಕ್ಲೋರೈಡ್ ಉಕ್ಕಿನ ಮೈಯ ರಕ್ಷಾಪದರವನ್ನು ಕೊರೆದು ಸೂಜಿಮೊನೆಯಷ್ಟು ಗುಳಿ ಮಾಡುತ್ತದೆ. ಬ್ಲೀಚಿಂಗ್ ಪುಡಿಯನ್ನು ರಾತ್ರಿಯಿಡೀ ಬಿಟ್ಟರೂ ಅದೇ ಹಾನಿ.

ಕಟ್ಟೆಯ ಕೆಳಗಿನ ಗೋಡೆಯಲ್ಲಿ ತೇವ, ಡಬ್ಬಗಳ ತಳದಲ್ಲಿ ತುಕ್ಕು, ಜಿರಲೆ ಹೆಚ್ಚುವುದು, ಅಂಚಿಗೂ ಕಲ್ಲಿಗೂ ನಡುವೆ ಉಗುರು ತೂರುವುದು ಸಿಂಕ್ ಸಡಿಲಾದ ಗುರುತುಗಳು. ದುರಸ್ತಿಯಲ್ಲಿ ಹಳೆಯ ಸೀಲಿನ ಮೇಲೆ ಹೊಸದನ್ನು ಬಳಿಯುವುದು ವ್ಯರ್ಥ. ಗಟ್ಟಿಯಾದ ಸಿಲಿಕಾನಿಗೆ ಹೊಸ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ. ಬ್ಲೇಡಿನಿಂದ ಪೂರ್ತಿ ಕೆರೆದು, ಒಂದು ದಿನ ಒಣಗಿಸಿ ಮತ್ತೆ ಹಾಕಬೇಕು. ಜಗ್ಗಿದ ಸಿಂಕನ್ನು ಮೊದಲು ಕೆಳಗಿನಿಂದ ಜಾಕ್ ಅಥವಾ ಕಟ್ಟಿಗೆಯ ಊರುಗೋಲಿನಿಂದ ಎತ್ತಿ ಮಟ್ಟಕ್ಕೆ ತಂದು, ಎಲ್ ಪಟ್ಟಿಯ ಆಧಾರ ಕೊಟ್ಟು, ಆಮೇಲೆ ಸೀಲು ಹಾಕುವುದು ಕ್ರಮ. ಎಪಾಕ್ಸಿ ಪುಟ್ಟಿಯಿಂದ ಮೆತ್ತುವುದು ಗೌಂಡಿ ಬರುವವರೆಗಿನ ತಾತ್ಕಾಲಿಕ ಉಪಾಯ. ಕೊಳೆನೀರಿನ ಬಾಗುವ ಕೊಳವೆ ಉದ್ದವಾಗಿ ಜೋತಾಡುತ್ತಿದ್ದರೆ ಅದು ತುಂಬಿದಾಗಲೆಲ್ಲ ಕಪ್ಲಿಂಗನ್ನು ಎಳೆಯುತ್ತದೆ. ಅದನ್ನೂ ಗೋಡೆಗೆ ಕ್ಲಾಂಪ್ ಹಾಕಿ ಹಿಡಿಸಬೇಕು.

ಇಂದಿನ ಸ್ಥಿತಿ

ಹೊಸ ಅಪಾರ್ಟ್‌ಮೆಂಟುಗಳ ಮಾಡ್ಯುಲರ್ ಅಡುಗೆಮನೆಗಳಲ್ಲಿ ಕಡಪಾ ಹಲಗೆಗಳ ಜಾಗಕ್ಕೆ ಪ್ಲೈವುಡ್ ಪೆಟ್ಟಿಗೆಗಳು ಬಂದಿವೆ. ಅಡಿಪದರವಿಲ್ಲದ ಒಂಟಿ ಗ್ರಾನೈಟಿನ ಕೆಳಗೆ ಸಿಂಕ್ ತೂಗುವುದರಿಂದ ಪೆಟ್ಟಿಗೆಯೊಳಗೆ ಲೋಹದ ಚೌಕಟ್ಟು ಕೊಡುವುದು ಅಗತ್ಯ. ಸಣ್ಣ ಸೋರಿಕೆಯೂ ಪ್ಲೈವುಡ್ಡನ್ನು ಉಬ್ಬಿಸಿ ಕೆಡಿಸುತ್ತದೆ. ಕೈಯಿಂದ ಮಡಿಸಿ ಬೆಸೆದ ಚೌಕ ಮೂಲೆಯ ದಪ್ಪ ತಗಡಿನ ಸಿಂಕುಗಳು, ಕಲ್ಲುಪುಡಿ ಮತ್ತು ರಾಳ ಬೆರೆಸಿ ಎರೆದ ಕ್ವಾರ್ಟ್ಜ್ ಸಿಂಕುಗಳು ಅಂಗಡಿಗಳಲ್ಲಿ ಸ್ಟೀಲಿನ ಪಕ್ಕ ನಿಂತಿವೆ. ಇವು ಯಂತ್ರದಲ್ಲಿ ಒತ್ತಿ ಮಾಡಿದ ತಗಡಿನ ಸಿಂಕಿಗಿಂತ ಭಾರ, ಅಷ್ಟೇ ಹೆಚ್ಚಿನ ಆಧಾರ ಬೇಡುತ್ತವೆ. ಹಳೆಯ ಮನೆಗಳಲ್ಲಿ ಗ್ರಾನೈಟಿನ ಅಡಿ ಸಿಕ್ಕಿಸಿದ ಸಿಂಕ್ ತೂತಾದಾಗ, ಕಟ್ಟೆ ಒಡೆಯದೆ ತೆರಪನ್ನು ಮೇಲಿನಿಂದ ಅರ್ಧ ಇಂಚು ದೊಡ್ಡದು ಮಾಡಿ, ಹಳೆಯ ತೊಟ್ಟಿಯನ್ನು ಒಳಗಿನಿಂದ ಕತ್ತರಿಸಿ ತೆಗೆದು, ಮೇಲೆ ಕೂರುವ ಸಿಂಕನ್ನು ಕ್ಲಿಪ್ಪಿನಿಂದ ಬಿಗಿಯಬಹುದು. ಅದಕ್ಕೆ ಹೊಸ ಸಿಂಕಿನ ಅಂಚು ಹಿಗ್ಗಿಸಿದ ತೆರಪಿಗಿಂತ ಪ್ರತಿ ಬದಿಯಲ್ಲೂ ಕನಿಷ್ಠ ಅರ್ಧ ಇಂಚು ಹೊರಚಾಚಿರಬೇಕು, ಮುಂದಿನ ಪಟ್ಟಿಯಲ್ಲಿ ಎರಡು ಇಂಚಿಗಿಂತ ಹೆಚ್ಚು ಕಲ್ಲು ಉಳಿದಿರಬೇಕು.